ಮೇಣದ ಗುಂಡುಗಳ ಚಳಿಗಾಲ

ನವೆಂಬರ್ 28, 1955. ಸೋಮವಾರ

ಬೆಳಿಗ್ಗೆ ಪಶ್ಚಿಮದ ಛಾವಣಿ. ಹಿಮವನ್ನು ಗರಗಸದಲ್ಲಿ ಕಲ್ಲಿನಂತೆ ಕೊಯ್ದು ಜಾರಿಸಿದೆವು. ಒಂದೊಂದು ತುಂಡೂ ಪಿಯಾನೋದಷ್ಟು. ಓರಿನ್ ಒಂದೂ ಮಾತಿಲ್ಲದೆ ಕೊಯ್ಯುತ್ತಾನೆ, ನಾನು ಅವನ ಸೊಂಟದ ಹಗ್ಗ ಹಿಡಿದು ಕೂರುತ್ತೇನೆ. ಮಧ್ಯಾಹ್ನ ಬೀನ್ಸು, ಡಬ್ಬದ ಪೀಚ್ ಹಣ್ಣು.

ಆಮೇಲೆ ಮೇಣ. ಬೇಸಿಗೆಯ ಅತಿಥಿಗಳು ಉರಿಸಿ ಬಿಟ್ಟ ಮೇಣದಬತ್ತಿಯ ತುಂಡುಗಳು ಊಟದ ಹಾಲಿನಲ್ಲಿ ಮೂರು ಪೆಟ್ಟಿಗೆ ಇವೆ. ಕರಗಿಸಿ, ಬತ್ತಿಯ ನೂಲು ಆರಿಸಿ, ಕೇಕ್ ತಟ್ಟೆಗೆ ಹುಯ್ದೆ. ಇನ್ನೂ ಮೆತ್ತಗಿರುವಾಗ ನನ್ನ ರಿವಾಲ್ವರಿನ ಖಾಲಿ ತೋಟೆಗಳನ್ನು ಬಾಯಿ ಕೆಳಗೆ ಮಾಡಿ ಒತ್ತುವುದು, ಅಮ್ಮ ಬಿಸ್ಕತ್ತು ಕತ್ತರಿಸುತ್ತಿದ್ದ ಹಾಗೆ. ಮದ್ದಿಲ್ಲ, ಸೀಸವಿಲ್ಲ. ಹಿಂದಿನ ಕೇಪು ಸಿಡಿದರೆ ಮೇಣದ ಬಿರಡೆ ಹಾರುತ್ತದೆ. ಸದ್ದು ಒಂದು ಚಪ್ಪಾಳೆಯಷ್ಟು.

ಅರುವತ್ತು ಮಾಡಿದೆ. ಕೆಳಗಿನ ಕಾರಿಡಾರಿನ ತುದಿಗೆ ದಪ್ಪ ರಜಾಯಿ ತೂಗುಹಾಕಿ ಅದರ ಮೇಲೆ ಗುರಿಕಾಗದ. ಇನ್ನೂರು ಕೋಣೆಯ ಹೋಟೆಲು, ಇಬ್ಬರೇ ಜನ. ಹಿಮ ಕರಗಿ ರಸ್ತೆ ತೆರೆಯುವುದು ಮೇ ತಿಂಗಳಿಗೆ. ರಾಜ್ಯದ ಶೂಟಿಂಗ್ ಪಂದ್ಯ ಜೂನ್ ಒಂಬತ್ತಕ್ಕೆ. ಹೋದ ಸಲ ಹೆಂಗಸರಲ್ಲಿ ಎರಡನೆಯವಳು ನಾನು. ಎರಡು ಪಾಯಿಂಟು ಕಡಿಮೆ.

ಡಿಸೆಂಬರ್ 3

ಮ್ಯಾಕ್ಸೀನ್ ಫೋನ್ ಮಾಡಿದ್ದಳು. ಕಾರ್ವರ್ ಪೇಟೆಯ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಕಣಿವೆಯ ಗುಟ್ಟು ಕೇಳುವವಳು. “ಇನ್ನೂ ಒಬ್ಬರನ್ನೊಬ್ಬರು ತಿಂದುಕೊಂಡಿಲ್ವೇನೇ?” ಎಂದಳು. ಕ್ರಿಸ್ಮಸ್ಸಿಗೆ ನೋಡೋಣ ಎಂದೆ.

ಹೊಡೆಯುವುದು ದಿನಾ ಮೂರರಿಂದ ನಾಲ್ಕು. ಆ ಹೊತ್ತು ಓರಿನ್ ಬಾಯ್ಲರ್ ಕೋಣೆಗೆ ಇಳಿದು ಬಾಗಿಲು ಹಾಕಿಕೊಳ್ಳುತ್ತಾನೆ. ಅದು ನಮ್ಮ ಒಪ್ಪಂದ. ಚಪ್ಪಾಳೆಯಷ್ಟು ಸದ್ದೂ ಅವನಿಗೆ ಆಗದು. ಕೊರಿಯಾ ಯುದ್ಧದಿಂದ ಬಂದ ಮೇಲೆ ಹೀಗೆ. ಹಿಮಕ್ಕೆ ಹೆದರುವುದಿಲ್ಲ, ಚಳಿಗೆ ಹೆದರುವುದಿಲ್ಲ, ಅಲ್ಲಿ ಅವೆರಡನ್ನೂ ಬೇಕಾದಷ್ಟು ಕಂಡಿದ್ದಾನೆ. ಸದ್ದಿಗೆ ಮಾತ್ರ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಪಟಾಕಿಗೆ ಊಟದ ಮೇಜಿನ ಕೆಳಗೆ ಹೊಕ್ಕ. ಸೆಪ್ಟೆಂಬರಿನಲ್ಲಿ ಯಾರೋ ಜಿಂಕೆಗೆ ಹೊಡೆದದ್ದಕ್ಕೆ ಚರಂಡಿಯಲ್ಲಿ ಎರಡು ಗಂಟೆ ಕವುಚಿ ಮಲಗಿದ್ದ. ಸದ್ದೇ ಇಲ್ಲದ ಜಾಗ ಬೇಕು ಅಂತ ಈ ಚಳಿಗಾಲದ ಕಾವಲು ಕೆಲಸ ಹಿಡಿದ. ಹೆಂಡತಿಯಾದವಳು ಜೊತೆಗೆ ಬರಬೇಕಲ್ಲ.

ಬರುವ ಮುಂಚೆ ಮಾತು ತೆಗೆದುಕೊಂಡ. ನಿಜದ ಗುಂಡು ಒಂದೂ ತರಕೂಡದು. ಆಯಿತು ಎಂದೆ.

ಹಿಟ್ಟಿನ ದೊಡ್ಡ ಡಬ್ಬದ ತಳದಲ್ಲಿ ಹದಿನಾಲ್ಕಿವೆ. ಯಾಕೆ ತಂದೆ? ಚಿರತೆ, ಕರಡಿ ಅಂತ ನನಗೆ ನಾನೇ ಹೇಳಿಕೊಂಡೆ. ಚಳಿಗಾಲದಲ್ಲಿ ಯಾವ ಕರಡಿ... ಇಲ್ಲಿ ಎಲ್ಲವೂ ಅವನಿಗಾಗಿ. ಏನೋ ಒಂದಾದರೂ ನನ್ನದು ಇರಲಿ ಅನ್ನಿಸಿತ್ತು. ಅಷ್ಟೇ.

ಡಿಸೆಂಬರ್ 19

ಕಾರಿಡಾರಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಮೇಣ ಗಾಜಿನಂತಾಗಿ ನಳಿಗೆಯಲ್ಲೇ ಪುಡಿಯಾಗುತ್ತಿದೆ. ಗುರಿಗೆ ಬೀಳುವುದು ಬರೀ ಚೂರು. ನಾಲ್ಕು ದಿನ ಹಾಳಾಯಿತು. ಇವತ್ತು ಒಂದಿಷ್ಟು ಹಂದಿ ಕೊಬ್ಬು ಬೆರೆಸಿ ನೋಡಿದೆ. ತೋಟೆಗಳನ್ನು ಏಪ್ರನ್ನಿನೊಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಂಡೆ. ಐದರಲ್ಲಿ ನಾಲ್ಕು ಒಂದು ಕಾಫಿ ಸಾಸರಿನಷ್ಟು ಜಾಗದೊಳಗೆ ಬಿದ್ದವು. ಇಡೀ ಕಾರಿಡಾರು ಬೇಕನ್ ವಾಸನೆ.

ನಗು ಬಂತು. ಹೇಳಿಕೊಳ್ಳೋಣ ಎಂದು ಬಾಯ್ಲರ್ ಕೋಣೆಗೆ ಹೋದೆ. ಎರಡು ಕಿವಿಗೂ ಕೈ ಒತ್ತಿ, ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ. ಹೊಡೆಯುವುದು ನಿಲ್ಲಿಸಿ ಅರ್ಧ ಗಂಟೆಯಾಗಿತ್ತು. ಅವನಿಗೆ ಗೊತ್ತಿಲ್ಲ.

ಹಾಗೇ ವಾಪಸು ಬಂದೆ.

ಜನವರಿ 6, 1956

ಫೋನ್ ಸತ್ತು ಒಂಬತ್ತು ದಿನ. ಎಲ್ಲೋ ಮರ ಬಿದ್ದು ತಂತಿ ತುಂಡಾಗಿರಬೇಕು. ಕೆಳಗಿನ ಕಿಟಕಿಗಳೆಲ್ಲ ಹಿಮದಲ್ಲಿ ಮುಚ್ಚಿವೆ, ಹಗಲೂ ದೀಪ.

ಕೇಪಿನ ಡಬ್ಬ ಕಾಣೆ. ಎಲ್ಲ ಹುಡುಕಿದೆ. ಕೊನೆಗೆ ಕೇಳಿದೆ. ಬಚ್ಚಿಟ್ಟಿದ್ದೇನೆ ಎಂದ, ಕಾಫಿ ಕುಡಿಯುತ್ತಲೇ. ಬಾಯಿಗೆ ಬಂದದ್ದೆಲ್ಲ ಅಂದೆ. ನಿನಗೋಸ್ಕರ ಊರು ಬಿಟ್ಟೆ, ಅಕ್ಕನ ಬಾಣಂತನಕ್ಕೆ ಹೋಗಲಿಲ್ಲ, ಈ ಹಾಳು ಪೆಟ್ಟಿಗೆಯಲ್ಲಿ ನಿನ್ನ ಜೊತೆ ಹೂತುಹೋಗಿದ್ದೇನೆ, ದಿನಕ್ಕೆ ಒಂದು ಗಂಟೆ, ಒಂದೇ ಗಂಟೆ...

ಕೇಳಿಸಿಕೊಂಡ. ಕಪ್ಪು ತೊಳೆದಿಟ್ಟು ಛಾವಣಿಗೆ ಹೋದ. ಹಗ್ಗ ಹಿಡಿಯಲು ನನ್ನನ್ನು ಕರೆಯಲಿಲ್ಲ.

ಜನವರಿ 9

ಮಾತಿಲ್ಲ. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನೂರ ಹನ್ನೆರಡು ಹೆಜ್ಜೆ. ಇವತ್ತು ನಲವತ್ತು ಸಲ ನಡೆದೆ.

ಜನವರಿ 14

ಬೆಳಿಗ್ಗೆ ಎದ್ದಾಗ ಕೇಪಿನ ಡಬ್ಬ ಅಡುಗೆಮೇಜಿನ ಮೇಲಿತ್ತು. ಪಕ್ಕದಲ್ಲಿ ಓರಿನ್, ತಟ್ಟೆಯಲ್ಲಿ ಮೇಣ ಹುಯ್ದು ತೋಟೆ ಒತ್ತುತ್ತಿದ್ದಾನೆ. ಅವನ ಕೈ ನಡುಗುವುದಿಲ್ಲ, ವಿಚಿತ್ರ. ನನ್ನದಕ್ಕಿಂತ ಅಚ್ಚುಕಟ್ಟು, ಒಂದರ ಅಂಚೂ ಮುರಿದಿಲ್ಲ.

ಕ್ಷಮಿಸು ಅಂತ ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ತಟ್ಟೆ ನೋಡುತ್ತಲೇ ಹೇಳಿದ: “ಸದ್ದು ಎಷ್ಟು ಜೋರು ಅನ್ನೋದಲ್ಲ ಡೆಲ್ಲಾ. ಮುಂದಿನದು ಯಾವಾಗ ಅಂತ ಗೊತ್ತಾಗಲ್ಲ. ಅದು ಕೊಲ್ಲುತ್ತೆ.”

ಮೂರು ಗಂಟೆಗೆ ಎಂದಿನಂತೆ ಕೆಳಗಿಳಿದ. ಬಾಗಿಲು ಪೂರ್ತಿ ಹಾಕಲಿಲ್ಲ.

ಹಿಟ್ಟಿನ ಡಬ್ಬದ ವಿಷಯ ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಜನವರಿ 22, ಭಾನುವಾರ. ಬೆಳಿಗ್ಗೆ 11.50

ಫೋನ್ ಬಂತು. ಇಪ್ಪತ್ತೈದು ದಿನದ ಮೇಲೆ ಮೊದಲ ಗಂಟೆ, ಕೈಯಲ್ಲಿದ್ದ ತಟ್ಟೆ ಬಿಟ್ಟೆ. ಮ್ಯಾಕ್ಸೀನ್. ಲೈನು ಈಗ ತಾನೇ ಬಂತು ಎಂದಳು. ಓರಿನ್ ಏಳಕ್ಕೇ ಸ್ಕೀ ಕಟ್ಟಿಕೊಂಡು ಹೋಗಿದ್ದ, ಮೂರು ಮೈಲಿ ಕೆಳಗೆ ಕಂಬ ಬಿದ್ದಿದೆ ಅಂತ. ಅಂದರೆ ಸರಿಮಾಡಿದ್ದಾನೆ. ಎರಡಕ್ಕೆ ಮನೆಯಲ್ಲಿರುತ್ತಾನೆ. ಎಲ್ಕ್ ಜಿಂಕೆಯ ಮಾಂಸದ ಸಾರಿಟ್ಟಿದ್ದೇನೆ.

ಮಧ್ಯಾಹ್ನ 2.10

ಒಂದು ಗಂಟೆಗೆ ಗಾಳಿ ತಿರುಗಿತು. ಈಗ ಬಾಗಿಲಿನಿಂದ ಕೈಚಾಚಿದರೆ ನನ್ನ ಬೆರಳೇ ಕಾಣುವುದಿಲ್ಲ. ಎಲ್ಲ ಬಿಳಿ. ಮೇಲೂ ಬಿಳಿ, ಕೆಳಗೂ ಬಿಳಿ. ಪಾತ್ರೆ ಬಡಿದೆ, ಕೂಗಿದೆ. ಗಾಳಿ ಬಾಯಿಂದಲೇ ಕಿತ್ತುಕೊಳ್ಳುತ್ತದೆ.

2.40

ಮ್ಯಾಕ್ಸೀನ್‌ಗೆ ಹೇಳಿದೆ. ಪೇಟೆಯ ಕ್ಲೈಡ್‌ಗೆ ತಿಳಿಸುತ್ತೇನೆ, ಆದರೆ ಅವನ ಹಿಮಗಾಡಿಯೂ ಇದರಲ್ಲಿ ಬರಲಾರದು ಎಂದಳು. “ಸದ್ದು ಮಾಡು ಡೆಲ್ಲಾ. ದೊಡ್ಡ ಸದ್ದು. ಏನಿದೆ ನಿನ್ನ ಹತ್ತಿರ?”

ಏನಿದೆ ಅಂತ ನನಗೆ ಗೊತ್ತು.

ಹೊಡೆದರೆ? ಎಲ್ಲಿದ್ದಾನೋ ಅಲ್ಲೇ ಕವುಚಿ ಮಲಗಿಬಿಟ್ಟರೆ? ಚರಂಡಿಯಲ್ಲಿ ಎರಡು ಗಂಟೆ ಮಲಗಿದ್ದು ಸೆಪ್ಟೆಂಬರಿನಲ್ಲಿ. ಇಲ್ಲಿ ಇಪ್ಪತ್ತು ನಿಮಿಷ ಮಲಗಿದರೆ ಏಳುವುದಿಲ್ಲ. ಹೊಡೆಯದಿದ್ದರೆ ಹೋಟೆಲಿನ ಮಗ್ಗುಲಲ್ಲೇ ದಾಟಿ ಕಾಡಿಗೆ ಹೋಗುತ್ತಾನೆ. ಕೊಂದವಳು ನಾನೇ ಆಗುತ್ತೇನೆ, ಹೀಗಾದರೂ ಹಾಗಾದರೂ.

2.55

ಡಬ್ಬ ನೆಲಕ್ಕೆ ಬೋರಲು ಹಾಕಿದೆ. ಹಿಟ್ಟೆಲ್ಲ ಚೆಲ್ಲಿದೆ. ಹದಿನಾಲ್ಕು. ಸರಿಯಾಗಿ ಐದು ನಿಮಿಷಕ್ಕೊಂದು, ಅಡುಗೆಮನೆಯ ಗಡಿಯಾರ ನೋಡಿಕೊಂಡು. ಮುಂದಿನದು ಯಾವಾಗ ಅಂತ ಅವನಿಗೆ ಗೊತ್ತಾಗಬೇಕು. ಮೂರಕ್ಕೆ ಮೊದಲನೆಯದು.

3.27

ಆರಾಯಿತು. ಏನಿಲ್ಲ.

3.46

ಹತ್ತು. ನಾಲ್ಕು ಉಳಿದಿವೆ. ದೇವರೇ ನಾ

ಜನವರಿ 24

ಬದುಕಿದ್ದಾನೆ.

ಹನ್ನೊಂದನೆಯದು ಹೊಡೆದು ಹನ್ನೆರಡನೆಯದಕ್ಕೆ ಗಡಿಯಾರ ನೋಡುತ್ತಿದ್ದೆ. ಹಿಂಬಾಗಿಲಿಗೆ ಏನೋ ಬಡಿಯಿತು. ನಿಂತಿರಲಿಲ್ಲ, ತೆವಳಿಕೊಂಡು ಬಂದಿದ್ದ. ಒಂದು ಸ್ಕೀ ಇಲ್ಲ. ಎಡಗಾಲು ತೊರೆಯಲ್ಲಿ ಮುಳುಗಿ ಬೂಟಿನ ಸಮೇತ ಮಂಜುಗಡ್ಡೆ. ಬೂಟು ಕತ್ತರಿಸಿ ತೆಗೆದೆ. ಬೆರಳುಗಳು ಮೇಣದ ಹಾಗೆ. ಬೆಳ್ಳಗೆ, ಗಟ್ಟಿ.

ಡಾಕ್ಟರ್ ಪ್ರೂಯಿಟ್ ಫೋನಿನಲ್ಲೇ ಒಂದೊಂದಾಗಿ ಹೇಳಿದರು, ನಾನು ಮಾಡಿದೆ. ಉಜ್ಜಬೇಡಿ ಅಮ್ಮಾ, ಬೆಂಕಿಗೆ ಹಿಡಿಯಬೇಡಿ, ಉಗುರುಬೆಚ್ಚಗಿನ ನೀರು, ನೋವಿಗೆ ಅರಚಿದರೆ ಒಳ್ಳೆಯದು ಅಂದುಕೊಳ್ಳಿ. ಅರಚಿದ. ಆದರೆ ಮೂರು ಬೆರಳು ಬಂದಾಗ ಹೇಗಿದ್ದವೋ ಹಾಗೇ ಇವೆ. ಅವುಗಳ ಬುಡ ಕಪ್ಪಾಗುತ್ತಿದೆ.

ನಿನ್ನೆ ಸಾಯಂಕಾಲ ಜ್ವರದಲ್ಲೇ ಕೇಳಿದ.

“ಎಲ್ಲಿಟ್ಟಿದ್ದೆ?”

“ಹಿಟ್ಟಿನ ಡಬ್ಬದಲ್ಲಿ.”

“ಮಾತು ಕೊಟ್ಟಿದ್ದೆ ನೀನು.”

“ಹೌದು.”

ಗೋಡೆ ಕಡೆ ತಿರುಗಿದ. ನಿದ್ದೆ ಹೋದ ಅಂದುಕೊಂಡೆ. ಆಮೇಲೆ ಆ ಕಡೆ ಮುಖ ಮಾಡಿಕೊಂಡೇ ಹೇಳಿದ. ಮೊದಲನೆಯದಕ್ಕೆ ಹಿಮದಲ್ಲಿ ಮುಖ ಹೂತು ಮಲಗಿದನಂತೆ. ಎರಡನೆಯದಕ್ಕೂ. ಹಾಗೇ ಇದ್ದುಬಿಡೋಣ ಅನ್ನಿಸಿತಂತೆ, ಬೆಚ್ಚಗಾಗತೊಡಗಿತ್ತಂತೆ. ಮೂರನೆಯದೂ ಅಷ್ಟೇ ಹೊತ್ತಿಗೆ ಬಂತು. ನಾಲ್ಕನೆಯದಕ್ಕೆ ನಿಮಿಷ ಎಣಿಸತೊಡಗಿದ, ಸದ್ದಿನ ಕಡೆ ಹೊರಟ.

“ಯುದ್ಧದಲ್ಲಿ ಯಾರೂ ಐದು ನಿಮಿಷ ಕಾಯಲ್ಲ ಕಣೇ. ಗಡಿಯಾರ ನೋಡ್ಕೊಂಡು ಹೊಡೆಯೋಳು ನೀನೊಬ್ಳೇ.”

ನಾನು ಹಿಟ್ಟು ಗುಡಿಸಲು ಹೋದೆ. ಹಿಂದಿನ ದಿನದಿಂದ ಹಾಗೇ ಬಿದ್ದಿತ್ತು.

ಜನವರಿ 29

ಕ್ಲೈಡ್ ಬಂದ. ಅವನ ಹಿಮಗಾಡಿ ಅಂದರೆ ವಿಮಾನದ ಹಳೆಯ ಪಂಖಕ್ಕೆ ಜಾರುಹಲಗೆ ಕಟ್ಟಿದ ಡಬ್ಬ. ಅವನೊಬ್ಬ, ರೋಗಿಯೊಬ್ಬ, ಅಷ್ಟೇ ಜಾಗ. ನನಗಿಲ್ಲ. ಜಾಗವಿದ್ದರೂ ಇಬ್ಬರೂ ಹೋಗುವಂತಿಲ್ಲ. ಛಾವಣಿ ಯಾರು ನೋಡುವುದು? ಎರಡು ವಾರ ಬಿಟ್ಟರೆ ಹಿಮದ ಭಾರಕ್ಕೆ ಈ ಹೋಟೆಲು ಕುಸಿದು ಕೂರುತ್ತದೆ.

ಪಂಖದ ಅಬ್ಬರಕ್ಕೆ ಓರಿನ್‌ನ ಮುಖ ಬೂದಿಯಾಯಿತು. ಕಿವಿಗೆ ಹತ್ತಿ ತುಂಬಿ, ಮೇಲೆ ನನ್ನ ಉಲ್ಲನ್ ಸ್ಕಾರ್ಫ್ ಬಿಗಿದೆ. ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ, ಬಿಡಿಸಲು ಕ್ಲೈಡ್ ಸಹಾಯ ಮಾಡಬೇಕಾಯಿತು. ಛಾವಣಿಗೆ ಹತ್ತುವಾಗ ಹಗ್ಗ ಚಿಮಣಿಗೆ ಕಟ್ಟು ಎಂದ. ಎರಡು ಸುತ್ತು.

ಉಳಿದ ಮೂರು ಗುಂಡುಗಳನ್ನು ಕ್ಲೈಡ್‌ನ ಕೈಗೆ ಹಾಕಿದೆ. ತೆಗೆದುಕೊಂಡು ಹೋಗು ಎಂದೆ. ಒಬ್ಬಳೇ ಇರ್ತೀರಿ, ಇಟ್ಟುಕೊಳ್ಳಿ ಎಂದ. ಬೇಡ ಎಂದೆ.

ಫೆಬ್ರವರಿ 20

ಇಪ್ಪತ್ತೆರಡು ದಿನ. ಮೂರು ಬೆರಳೂ ತೆಗೆದರಂತೆ, ಮ್ಯಾಕ್ಸೀನ್ ಹೇಳಿದಳು. ಗಾಯ ಕೀತು ಎರಡನೇ ಸಲ ಕೊಯ್ದರು. ಓರಿನ್ ಫೋನಿಗೆ ಬಂದಿಲ್ಲ. ವಾರ್ಡಿನಲ್ಲಿ ಯಾರ ಜೊತೆಗೂ ಮಾತಿಲ್ಲವಂತೆ. ನನ್ನ ಮೇಲೆ ಕೋಪವೋ ಏನೋ. ಇರಬಹುದು. ಇರಲಿ.

ಬೆಳಿಗ್ಗೆ ಛಾವಣಿ. ಚಿಮಣಿಗೆ ಎರಡು ಸುತ್ತು. ಒಂದು ದಿನಕ್ಕೆ ಇಬ್ಬರು ಮಾಡುತ್ತಿದ್ದದ್ದು ಈಗ ನಾಲ್ಕು ದಿನ. ಮುಗಿಯುವಷ್ಟರಲ್ಲಿ ಮೊದಲಿನ ಕಡೆ ಮತ್ತೆ ತುಂಬಿರುತ್ತದೆ. ಗಟ್ಟಿಯಾಗಿ ಮಾತಾಡಿಕೊಳ್ಳುತ್ತೇನೆ, ನಿನ್ನೆ ಕೋಣೆ 41ರ ಬಾಗಿಲಿಗೆ ಕ್ಷಮಿಸಿ ಎಂದೆ.

ಮೂರು ಗಂಟೆಗೆ ಮೇಣ ಒತ್ತುತ್ತೇನೆ. ಹೊಡೆಯುವುದಿಲ್ಲ. ಈಗ ಎಷ್ಟು ಹೊತ್ತಿಗೆ ಬೇಕಾದರೂ ಹೊಡೆಯಬಹುದು, ತಡೆಯುವವರಿಲ್ಲ. ಕೈ ಏಳುವುದಿಲ್ಲ. ಇನ್ನೂರ ಎಂಬತ್ತು ಮಾಡಿ ಸಾಲಾಗಿ ನಿಲ್ಲಿಸಿದ್ದೇನೆ.

ಮಾರ್ಚ್ 1, ಗುರುವಾರ. ಸಂಜೆ 4

ಮೂರಕ್ಕೆ ಫೋನ್. ಮ್ಯಾಕ್ಸೀನ್ ಎಂದಿನ ಹಾಗೆ ತಮಾಷೆ ಮಾಡಲಿಲ್ಲ. ಲೈನು ಕೊಡುತ್ತೇನೆ ಎಂದಳು, ಅಷ್ಟೇ.

ಓರಿನ್. ಧ್ವನಿ ತೆಳ್ಳಗಾಗಿದೆ. ಊಟ ಹೇಗಿದೆ ಎಂದೆ. ಇಲ್ಲಿ ದಿನಾ ಯಾರಾದರೊಬ್ಬರು ತಟ್ಟೆ ಬೀಳಿಸುತ್ತಾರೆ ಎಂದ. ಮಂಚದ ಕೆಳಗೆ ನುಗ್ಗೋಣ ಅಂದರೆ ಕಾಲನ್ನು ಮೇಲೆ ಕಟ್ಟಿಬಿಟ್ಟಿದ್ದಾರಂತೆ. ನಕ್ಕೆ. ಅವನೂ ನಕ್ಕ ಅನ್ನಿಸಿತು. ಕೋಪವಿದೆಯಾ ಎಂದು ಕೇಳಿದೆ. ಇದೆ ಎಂದ. ಆಮೇಲೆ, ಸ್ವಲ್ಪ ಎಂದ.

“ಮೂರಾಯ್ತು. ಹೊಡೀತಿಲ್ವಾ?”

ಇಲ್ಲ, ಬಿಟ್ಟಿದ್ದೇನೆ ಎಂದೆ.

“ಜೂನ್ ಒಂಬತ್ತಕ್ಕೆ ಏನು ಮಾಡ್ತೀಯ? ಹೋಗು, ರಿಸೀವರ್ ಹೊರಗಿಡು. ಐದು ಹೊಡಿ. ನಾನು ಕೇಳಿಸ್ಕೊಳ್ತೀನಿ.”

ಬೇಡ ಓರಿನ್ ಎಂದೆ. ಹೊಡಿ ಎಂದ. ಲೈನಿನಲ್ಲಿ ಮ್ಯಾಕ್ಸೀನ್ ಮೂಗೊರೆಸಿಕೊಂಡದ್ದು ಕೇಳಿಸಿತು.

ಫೋನಿನ ತಂತಿ ಕಾರಿಡಾರಿನ ಬಾಗಿಲವರೆಗೆ ಬರುತ್ತದೆ. ರಿಸೀವರನ್ನು ಕುರ್ಚಿಯ ಮೇಲಿಟ್ಟೆ. ಅವನು ಒತ್ತಿದ್ದ ತೋಟೆಗಳು ಇನ್ನೂ ಕೆಲವು ಉಳಿದಿದ್ದವು, ಅವನ್ನೇ ತುಂಬಿದೆ. ಹೊಡೆಯುವ ಮುಂಚೆ ಪ್ರತಿಯೊಂದಕ್ಕೂ ಕೂಗಿ ಹೇಳಿದೆ. ಒಂದು. ಎರಡು. ಮೂರು.

ನಿಲ್ಲಿಸಿ ಓಡಿಬಂದು ರಿಸೀವರ್ ಎತ್ತಿದೆ. ಉಸಿರು, ಜೋರಾಗಿ. ಇದ್ದೀಯಾ ಎಂದೆ.

“ಇದ್ದೀನಿ. ಇನ್ನೆರಡಿದೆ.”

ಹೋಗಿ ನಿಂತೆ. ನಾಲ್ಕು ಎಂದು ಕೂಗಿದೆ. ಐದು. ಎಲ್ಲಿ ಬಿದ್ದವೋ ಇನ್ನೂ ಹೋಗಿ ನೋಡಿಲ್ಲ, ಗುರಿಕಾಗದವೇ ಕಾಣಿಸುತ್ತಿರಲಿಲ್ಲ, ಕಣ್ಣು ತುಂಬಿತ್ತು.