ನಿಮ್ಮ ಕಡತದಲ್ಲಿರುವ ನನ್ನ ಮಗಳ ಹಟ

ಮಕ್ಕಳ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಏಳು ವರ್ಷದ ಮಗಳಿಗೆ ತುತ್ತು ಇಳಿಯುತ್ತಿಲ್ಲ. ಅವಳ ಎದೆಯ ಸ್ಕ್ಯಾನಿಗೆ ನಿಮ್ಮ ಕಚೇರಿ ಹನ್ನೊಂದು ವಾರದ ಆಚೆಗಿನ ದಿನ ಕೊಟ್ಟಿದೆ. ಅಲ್ಲಿಯವರೆಗೆ ಅವಳು ಉಳಿಯುತ್ತಾಳೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಮಾತು ಒರಟಾದರೆ ಕ್ಷಮಿಸಿ.

ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ, ಒಂದು ತುಂಡು ಬ್ರೆಡ್ಡನ್ನು ಗಂಟೆಗಟ್ಟಲೆ ಅಗಿಯುತ್ತಾಳೆ, ನುಂಗಲು ಹೋದರೆ ಕೆಮ್ಮುತ್ತಾಳೆ ಎಂದು ನನ್ನ ಹೆಂಡತಿ ಹೇಳಿದಳು. ಕೌಂಟರಿನವರು ತೊಂದರೆಯ ಅಂಕಣದಲ್ಲಿ ‘ಊಟಕ್ಕೆ ಹಟ’ ಎಂದು ಬರೆದುಕೊಂಡರು. ಆಮೇಲೆ ಐವರು ವೈದ್ಯರು ಆ ಎರಡು ಪದ ಓದಿದರು. ತಲೆಯೆತ್ತಿ ಮಗುವನ್ನು ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ವರ್ತನೆ ವಿಭಾಗದಿಂದ ನಮಗೊಂದು ಸೂಚನಾ ಪತ್ರ ಸಿಕ್ಕಿತು: ತಟ್ಟೆ ಖಾಲಿಯಾಗುವವರೆಗೆ ಮಗುವನ್ನು ಏಳಲು ಬಿಡಬೇಡಿ, ಕಣ್ಣೀರಿಗೆ ಕರಗಬೇಡಿ. ನಾನು ಕರಗಲಿಲ್ಲ ಸ್ವಾಮಿ. ಕೊಳಾಯಿ ಕೆಲಸದವನು, ಹೇಳಿದ್ದನ್ನು ಹೇಳಿದ ಹಾಗೆ ಮಾಡಿ ಅಭ್ಯಾಸ. ಕಳೆದ ತಿಂಗಳು ಸೇಬಿನ ಹೋಳೊಂದನ್ನು ನಾನೇ ಅವಳ ಬಾಯಿಗೆ ತುರುಕಿ, ನುಂಗು ಎಂದು ಗದರಿದೆ. ಅವಳ ತುಟಿ ನೀಲಿಗಟ್ಟಿತು. ಬೆನ್ನಿಗೆ ಗುದ್ದಿ ಅದನ್ನು ಹೊರಗೆ ಬೀಳಿಸಿದ್ದು ಪಕ್ಕದ ಮನೆಯ ಟೈಲರ್ ಅಕ್ಕ. ಮಗುವನ್ನು ಎತ್ತಿಕೊಂಡು ನಿಮ್ಮ ಆಸ್ಪತ್ರೆಗೆ ಓಡಿಬಂದೆ.

ಅಂದು ಸಿಕ್ಕಿದ ಕಿರಿಯ ವೈದ್ಯೆ ಬಿಳಿ ಔಷಧ ಕುಡಿಸಿ ಎಕ್ಸ್-ರೇ ತೆಗೆಸಿದರು. ಅನ್ನನಾಳದ ಹಿಂಬದಿಯಲ್ಲಿ ಓರೆಯಾಗಿ ಒಂದು ತಗ್ಗು ಕಂಡಿತು. ಒಳಗೆ ಕಟ್ಟಿಕೊಂಡ ಪೈಪು ಯಾವುದು, ಹೊರಗಿನಿಂದ ಅದುಮಿದ್ದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೃದಯದ ಹತ್ತಿರ ಹುಟ್ಟಿನಿಂದಲೇ ದಾರಿ ತಪ್ಪಿದ ರಕ್ತನಾಳವೊಂದು ಅನ್ನನಾಳದ ಹಿಂದೆ ಹಾದು ಅದನ್ನು ಒತ್ತುತ್ತಿರಬೇಕು ಎಂದರು. ಉಸಿರಿನ ನಾಳವನ್ನೂ ಒತ್ತಿದೆಯೇ ಎಂಬುದು ಸ್ಕ್ಯಾನಿನಲ್ಲೇ ಗೊತ್ತಾಗಬೇಕು. ಶಸ್ತ್ರಚಿಕಿತ್ಸೆಯ ಮಾತು ಆಮೇಲೆ.

ಹಾಗಾದರೆ ತಡವೇಕೆ? ಕಡತ ಇನ್ನೂ ವರ್ತನೆ ವಿಭಾಗದ್ದು, ಅಲ್ಲಿಯ ಮಕ್ಕಳಿಗೆ ತುರ್ತು ಎಂಬುದೇ ಇಲ್ಲ. ಅವರು ಕಡತ ಬಿಡಬೇಕಾದರೆ ಹಟ ವಾಸಿಯಾಗಿದೆ ಎಂದು ಸಹಿ ಹಾಕಬೇಕು. ಮಗು ಉಣ್ಣುವವರೆಗೆ ಹಾಕುವಂತಿಲ್ಲ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ! ಇದನ್ನು ರೂಪಿಸಿದ ಬುದ್ಧಿವಂತರಿಗೆ ಮಧ್ಯಾಹ್ನದ ಊಟ ಸಲೀಸಾಗಿ ಇಳಿಯುತ್ತದೆಯೇ?

ಅವಳಿಗೀಗ ಹಾಲು, ಸೂಪು ಅಷ್ಟೇ. ಮೂರು ಕಿಲೋ ಇಳಿದಿದ್ದಾಳೆ. ಅವಳು ಕೆಮ್ಮಿದರೆ ಸಾಕು, ನಾವಿಬ್ಬರೂ ಕೈಲಿದ್ದದ್ದನ್ನು ಬಿಸಾಕಿ ಓಡುತ್ತೇವೆ. ನಿನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬಳೇ ಬ್ರೆಡ್ಡಿನ ತುಂಡು ಹಿಡಿದು ಕೂತಿದ್ದಳು. ಕಸಿದುಕೊಂಡೆ.

“ಕೊಡಪ್ಪ. ನಾನು ಇದನ್ನ ತಿಂದು ತೋರಿಸಿದ್ರೆ ಅವರು ಸಹಿ ಹಾಕ್ತಾರಂತಲ್ಲ,” ಎಂದಳು.

ನಾವು ಗಂಡ ಹೆಂಡತಿ ಮಾತಾಡಿಕೊಂಡದ್ದು ಅವಳ ಕಿವಿಗೆ ಬಿದ್ದಿದೆ. ಆದ್ದರಿಂದ ಆ ಸಹಿಯನ್ನು ನೀವೇ ಹಾಕಿ, ಕಡತವನ್ನು ಹೃದಯ ವಿಭಾಗಕ್ಕೆ ಕಳಿಸಿ, ಈ ವಾರವೇ ಸ್ಕ್ಯಾನ್ ಮಾಡಿಸಿ. ಬ್ರೆಡ್ಡನ್ನು ಮೇಲಿನ ಕಪಾಟಿನಲ್ಲಿಟ್ಟಿದ್ದೇವೆ. ಆದರೆ ಅವಳಿಗೆ ಕುರ್ಚಿ ಹತ್ತಲು ಬರುತ್ತದೆ.

ಇಂತಿ,
ನಿಮ್ಮ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ ಅಪ್ಪ