ಎರ್ಮಿನ್ ಅಚ್ಚು ಒಡೆದ ದಿನ

ಮಗೂ ರಿವಾಲ್,

ಯುದ್ಧದಿಂದ ನೀನು ಬರಲಿಲ್ಲ, ಹೆಣವೂ ಸಿಗಲಿಲ್ಲ. ಈ ಕಾಗದ ಯಾವ ಊರಿಗೆ ಹೋಗಬೇಕೋ ತಿಳಿಯದು. ಆದರೂ ನೀನೇ ಕಲಿಸಿದ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನಮ್ಮ ರೆನ್ ಪಟ್ಟಣ ಈಗ ಫ್ರಾನ್ಸಿನ ರಾಜನದು. ನಾಣ್ಯದ ಮೇಲೆ ಇನ್ನು ಅವನ ಲಿಲ್ಲಿ ಹೂವೇ ಇರಬೇಕಂತೆ. ನಮ್ಮ ಡ್ಯೂಕ್ ಮನೆತನದ ಲಾಂಛನ, ಆ ಎರ್ಮಿನ್ ಪ್ರಾಣಿಯ ಬಾಲವಿರುವ ಅಚ್ಚುಗಳನ್ನೆಲ್ಲ ಒಡೆಯಬೇಕೆಂದು ಅಪ್ಪಣೆಯಾಯಿತು. ಟಂಕಸಾಲೆಯ ಯಜಮಾನ ಓಡ್ರೆನ್ ಇವತ್ತು ನೀನು ಕೆತ್ತಿದ ಅಚ್ಚನ್ನು ಅಡೆಗಲ್ಲಿನ ಮೇಲಿಟ್ಟು ನನ್ನನ್ನು ಕರೆದ.

"ಬೇರೆಯವರ ಕೈಲಿ ಹೊಡೆಸಿ, ಸ್ವಾಮಿ," ಎಂದೆ.

"ಬಾಗಿಲಲ್ಲಿ ರಾಜನ ಸಿಪಾಯಿಗಳು ನಿಂತಿದ್ದಾರೆ, ಗುಲ್ವೆನ್. ಬೇಗ ಮುಗಿಸಪ್ಪ."

ಜೀವಮಾನವೆಲ್ಲ ನಾಣ್ಯಕ್ಕೆ ಸುತ್ತಿಗೆ ಹೊಡೆದವನ ಏಟು ತಪ್ಪಿತು. "ಮುದುಕಂಗೆ ಕಣ್ಣು ಕಾಣ್ಸಲ್ವೇನೋ!" ಎಂದು ಒಬ್ಬ ಸಿಪಾಯಿ ನಕ್ಕ. ಮತ್ತೆ ಹೊಡೆದೆ, ಸೀಳಲಿಲ್ಲ. ನೀನು ಉಕ್ಕಿಗೆ ಅಷ್ಟು ಚೆನ್ನಾಗಿ ಹದ ಕೊಟ್ಟಿದ್ದೆ. ಕೊನೆಗೆ ಒಡೆಯಿತು. ಒಂದು ಚೂರು ಕೇಳಿದೆ. ಕೊಡಲಿಲ್ಲ, ಎಲ್ಲವನ್ನೂ ಕುಲುಮೆಗೆ ಹಾಕಿದರು.

ಮನೆಗೆ ಬಂದಾಗ ನಿನ್ನ ಅಮ್ಮ ಜವೆಗೋಧಿ ಹಿಟ್ಟಿನ ಅಂಬಲಿ ಬಡಿಸುತ್ತಾ, "ಇವತ್ತೇನು ಕೆಲಸ ಇತ್ತು?" ಎಂದಳು.

"ಲಿಲ್ಲಿ ಹೂವಿನ ಹೊಸ ಅಚ್ಚು ಬಂತು."

"ನಮ್ಮ ರಿವಾಲ್ ಕೆತ್ತಿದಷ್ಟು ಚೆನ್ನಾಗಿದೆಯಾ?"

"ಅಷ್ಟು ಚೆನ್ನಾಗಿ ಎಲ್ಲಿ ಬರುತ್ತೆ!"

ಅವಳ ಮುಖ ಅರಳಿತು. "ಹಾಗಾದ್ರೆ ಅವನದನ್ನ ಜೋಪಾನವಾಗಿ ಎತ್ತಿಡಿ. ಬಂದ ತಕ್ಷಣ ಮೊದಲು ಅದನ್ನೇ ಕೇಳ್ತಾನೆ ಅವನು."

ಆಗಲಿ ಎಂದೆ.

ನಿನ್ನ ಅಪ್ಪ