ಭಂಡಾರ ಹಚ್ಚಿದ ಮೊಣಕಾಲು

ಕೊಂಢವಾ, ಪುಣೆ
೧೨ ಜನವರಿ ೨೦೨೬

ಚಿ. ಅಪೂರ್ವಾಗೆ ನಿನ್ನ ಅಕ್ಕ ಸಪ್ನಾಳ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಂತೆ. ಬರೆದಿದ್ದೇನೆ ಎಂದುಕೋ. ನಿನ್ನ ಕಾಗದ ದೀಪಾವಳಿಗೇ ಬಂದಿತ್ತು. ಇಷ್ಟು ತಡ ಮಾಡಿದ್ದಕ್ಕೆ ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಒಂದೇ ಕೋಣೆ, ಆಡಿದ್ದೆಲ್ಲ ಅತ್ತೆಯ ಕಿವಿಗೂ ಇವರ ಕಿವಿಗೂ ಬೀಳುತ್ತದೆ. ನೀನೂ ಅವ್ವನ ಎದುರು ಕೇಳಲು ನಾಚಿಕೊಂಡಿದ್ದನ್ನೇ ತಾನೆ ಕಾಗದದಲ್ಲಿ ಕೇಳಿದ್ದು? ಮದುವೆಯಾದ ಮೇಲೆ ನಿಮ್ಮನ್ನೂ ಜೇಜುರಿಯ ದೇವರ ಗುಡ್ಡಕ್ಕೆ ಕರೆದೊಯ್ಯುತ್ತಾರಂತೆ, ಹೊಸ ಮದುಮಕ್ಕಳ ಪದ್ಧತಿಯಂತೆ ಭಾವ ನನ್ನನ್ನು ಎತ್ತಿಕೊಂಡು ಗುಡಿಯ ಐದು ಮೆಟ್ಟಿಲು ಹತ್ತಿದಾಗ ನನಗೆ ಹೇಗನಿಸಿತ್ತು ಎಂದು. ಅದಕ್ಕೆ ಆಮೇಲೆ ಬರುತ್ತೇನೆ.

ಇವರ ಫುಟ್‌ಬಾಲ್ ಕೋಚ್ ಕೆಲಸ ಕಾಯಂ ಆಯಿತು. ಬೆಳಿಗ್ಗೆ ಕೋಥರೂಡದಲ್ಲಿ ಅಪಾರ್ಟ್‌ಮೆಂಟ್ ಸೊಸೈಟಿಯ ಮಕ್ಕಳಿಗೆ ಹೇಳಿಕೊಡುತ್ತಾರೆ, ಸಂಜೆ ಅಲ್ಲೇ ದೊಡ್ಡವರ ತಂಡ. ಮಕ್ಕಳ ಅಪ್ಪಂದಿರು ಗೆರೆಯಾಚೆ ನಿಂತು ಮರಾಠಿಯಲ್ಲಿ ಇವರಿಗೇ ಪಾಠ ಮಾಡುತ್ತಾರಂತೆ. ಒಂದು ಕಾಲದಲ್ಲಿ ಇವರ ಆಟ ನೋಡಲು ಜನ ಟಿಕೆಟ್ ತೆಗೆದುಕೊಂಡು ಬರುತ್ತಿದ್ದರೆಂದು ಆ ಮಹಾಶಯರಿಗೆ ಯಾರು ಹೇಳಬೇಕು. ಇವರಂತೂ ಹೇಳುವುದಿಲ್ಲ.

ನಮ್ಮ ಮದುವೆಗೆ ಮುಂಚೆ ಒಮ್ಮೆ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಿದ್ದು ನಿನಗೆ ಗೊತ್ತು. ಮದುವೆಯ ಮರುತಿಂಗಳು ಮತ್ತೆ ಆಟಕ್ಕಿಳಿದರು. ಅವತ್ತು ನೀನೂ ನಮ್ಮ ಜೊತೆ ಟಿವಿ ಮುಂದೆ ಕೂತಿದ್ದೆ. ಚೆಂಡು ತಳ್ಳಿಕೊಂಡು ಎಡಗಡೆ ಓಡಿದರು, ತಿರುಗಿದರು, ಬಿದ್ದರು. ಹತ್ತಿರ ಒಬ್ಬನೂ ಇರಲಿಲ್ಲ. "ಯಾರೂ ಮುಟ್ಟೇ ಇಲ್ಲಲ್ಲ, ಇದು ದೃಷ್ಟೀನ" ಎಂದು ಅತ್ತೆ ಅತ್ತರು. ಎರಡನೇ ಆಪರೇಷನ್ ಆಯಿತು, ಕಾಲು ಮೊದಲಿನಂತಾಗಲಿಲ್ಲ. ಕರಾರು ಮುಗಿದ ದಿನ ಕ್ಲಬ್ಬಿನವರು ಹೂಗುಚ್ಛ ಕೊಟ್ಟು ಕಳಿಸಿದರು. ಇಪ್ಪತ್ತಾರನೇ ವಯಸ್ಸಿಗೆ ಇವರ ಆಟ ಮುಗಿಯಿತು.

ಅಂದಿನಿಂದ ಪ್ರತಿ ಭಾನುವಾರ ಜೇಜುರಿಯ ಭಂಡಾರವನ್ನು ಇವರ ಮೊಣಕಾಲಿಗೆ ಹಚ್ಚುವುದು ನನ್ನ ಹರಕೆ. ಆ ಅರಿಶಿನವನ್ನು ವರ್ಷಕ್ಕೊಮ್ಮೆ ಅತ್ತೆಯ ಜೊತೆ ನಾನೇ ಹೋಗಿ ತರುತ್ತೇನೆ. ಇವರು ಮಾತ್ರ ನನ್ನನ್ನು ಎತ್ತಿಕೊಂಡು ಹತ್ತಿದ ಮೇಲೆ ಮತ್ತೆ ಆ ಗುಡ್ಡ ಹತ್ತಿಲ್ಲ. ಪ್ರತಿ ಸಲ ಏನಾದರೊಂದು ನೆಪ. ಆದರೆ ಭಾನುವಾರ ತಕರಾರಿಲ್ಲದೆ ಕಾಲು ಚಾಚಿ ಕೂರುತ್ತಾರೆ. ದೇವರನ್ನು ಅಷ್ಟಾಗಿ ನಂಬದ ಮನುಷ್ಯ ನನ್ನ ಮೇಲಿನ ಪ್ರೀತಿಗೆ ಕೂರುತ್ತಾರಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ದೊಡ್ಡವರ ತಂಡದಲ್ಲಿ ಪ್ರಲ್ಹಾದ ಎಂಬ ಹುಡುಗನಿದ್ದಾನೆ, ನಮ್ಮ ಯಾದಗಿರಿ ಕಡೆಯವನೇ. ಇವರಿಗಾದ ಆಪರೇಷನ್ನೇ ಅವನಿಗೂ ಆಗಿತ್ತು. ದೀಪಾವಳಿಯ ನಂತರ ಲಗ್ನಪತ್ರಿಕೆ ಹಿಡಿದುಕೊಂಡು ಮನೆಗೆ ಬಂದ.

"ಲಗ್ನ ಆದ ಮರುದಿನಾನ ಜೇಜುರಿಗೆ ಹೊಂಟೇವ್ರಿ ಸರ್" ಎಂದ.

"ಹೋಗು. ಆದ್ರ ಹೆಂಡತಿನ್ನ ಎತ್ತಬ್ಯಾಡ" ಎಂದರು ಇವರು.

"ಐದ ಮೆಟ್ಟಲಾ ಅಷ್ಟರಿ. ಎತ್ತಲಿಲ್ಲಂದ್ರ ಬೀಗರು ನಗತಾರ್ರಿ."

ಅತ್ತೆ ಬಾಯಿ ಹಾಕಿದರು: "ದೇವರ ಪದ್ಧತಿಗೆ ಅಡ್ಡ ಬರಬ್ಯಾಡಪಾ ಕಿಶೋರ. ನೀನೂ ಎತ್ತಿದಾಂವನ ಅಲ್ಲ?"

ಇವರ ಮುಖ ಕೆಂಪಾಯಿತು. ಎತ್ತಿದರೆ ತಂಡದ ಕಡೆ ತಲೆ ಹಾಕಬೇಡ ಎಂದು ಪತ್ರಿಕೆಯನ್ನು ಅವನ ಕೈಗೇ ತುರುಕಿದರು. ಪಾಪ, ಮದುವಣಿಗ ಚಹ ಅರ್ಧಕ್ಕೇ ಬಿಟ್ಟು ಎದ್ದ. ಆಮೇಲೆ ಇವರಿಗೇ ಕೆಡುಕೆನಿಸಿ ಹಿಂದೆಯೇ ಹೋದರು.

ಪ್ರಲ್ಹಾದ ಮಾತು ಕೇಳಿದ. ಹೆಂಡತಿಯ ಕೈ ಹಿಡಿದು ನಡೆದೇ ಹತ್ತಿದನಂತೆ, ಬೀಗರು ಮುಖ ಊದಿಸಿಕೊಂಡರಂತೆ. ಹೋದ ವಾರ ಮೊದಲ ಸಲ ಆಟಕ್ಕಿಳಿದು ಕೊನೆಯವರೆಗೂ ಓಡಿದ. ತಂಡ ಗೆದ್ದಿತು. ಇವರು ಮನೆಗೆ ಬಂದವರು ಊಟ ಮಾಡದೆ ಗೋಡೆಯ ಕಡೆ ತಿರುಗಿ ಮಲಗಿದರು. ಗೆದ್ದು ಬಂದವರು ಹೀಗೆ ಮಲಗುವುದನ್ನು ಅತ್ತೆ ಕಂಡಿರಲಿಲ್ಲ, ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದರು.

ನಿನ್ನ ಮದುವೆಗೆ ನಾನು ವಾರ ಮೊದಲೇ ಬರುತ್ತೇನೆ. ಅವ್ವನಿಗೆ ನಮಸ್ಕಾರ ಹೇಳು. ನಿನ್ನ ಸಂಸಾರ ತಂಪಾಗಿರಲಿ, ನೀನು ನಕ್ಕಾಗಲೆಲ್ಲ ಅವನೂ ನಿಜವಾಗಿ ನಗುತ್ತಿರಲಿ.

ಇಂತಿ ನಿನ್ನ ಅಕ್ಕ,
ಸಪ್ನಾ

ತಾ.ಕ.: ನಿನ್ನ ಪ್ರಶ್ನೆ. ಭಾಳ ಸುಖ ಅನಿಸಿತ್ತು ಅಪೂರ್ವಾ. ಸುತ್ತ ಭಂಡಾರ ಎರಚುತ್ತಿದ್ದರು, ಎಲ್ಲ ಹಳದಿ, ಇವರೂ ನಗುತ್ತಿದ್ದರು. ದೀಪಾವಳಿಯಲ್ಲೇ ಉತ್ತರ ಬರೆದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವತ್ತು ಬಾಗಿಲ ಹೊರಗೆ ಇವರು ಪ್ರಲ್ಹಾದನಿಗೆ ಹೇಳಿದ್ದು ಒಳಗೆ ಚಹದ ಕಪ್ಪು ತೊಳೆಯುತ್ತಿದ್ದ ನನಗೆ ಕೇಳಿಸಿತು. "ನನ್ನ ಕಾಲು ಮ್ಯಾಚಿನಾಗ ಹೋಗಿದ್ದಲ್ಲೋ. ಮೂರನೇ ಮೆಟ್ಟಲದಾಗನ ಒಳಗ ಕಟ್ ಅಂದಿತ್ತು. ಆಕಿ ನಗಲಿಕ್ಕತ್ತಿದ್ಲು, ಹೆಂಗ ಕೆಳಗ ಇಳಸಲಿ? ಐದೂ ಹತ್ತಿಬಿಟ್ಟೆ. ಆಕಿಗೆ ಗೊತ್ತಿಲ್ಲ, ನೀನೂ ಹೇಳಬ್ಯಾಡ."

ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದೇ ತಿಳಿಯುವುದಿಲ್ಲ. ಇಷ್ಟು ವರ್ಷ ಅದೇ ಗುಡ್ಡದ ಅರಿಶಿನವನ್ನು ಅದೇ ಕಾಲಿಗೆ ಹಚ್ಚಿದ್ದೇನೆ, ಇವರು ಸುಮ್ಮನೆ ಹಚ್ಚಿಸಿಕೊಂಡಿದ್ದಾರೆ. ನೀನು ನಡೆದೇ ಹತ್ತು, ನಗುವವರು ನಗಲಿ.

ಅವತ್ತಿನಿಂದ ಭಂಡಾರ ಮುಗಿದಿದೆ ಎಂದು ಸುಳ್ಳು ಹೇಳುತ್ತಾ ಬಂದೆ. ನಿನ್ನೆ ಇವರೇ ದೇವರ ಮುಂದಿನಿಂದ ಅತ್ತೆಯ ಭಂಡಾರದ ಡಬ್ಬಿ ತಂದು ನನ್ನೆದುರು ಇಟ್ಟರು. ಕಾಲು ಚಾಚಿ ಕೂತು, "ಇವತ್ತರ ಹಚ್ಚು" ಎಂದರು. ಹಚ್ಚಿದೆ.